ಬೇಲಿಯಾಚೆಯ ನೊಣಗಳು

ನಮ್ಮ ದೊಡ್ಡಪ್ಪ ನೊಣದ ಮುಖ ನೋಡಿದರೆ ಸಾಕು, ಅದು ಯಾರ ತೋಟದ್ದು ಎಂದು ಹೇಳಿಬಿಡುತ್ತಾರೆ! ನಗಬೇಡಿ. ವಿರೂಪಾಕ್ಷಿಪುರದ ಹತ್ತಿರ ಅವರದೊಂದು ಮಾವಿನ ತೋಟವಿದೆ. ಅವರ ಪ್ರಕಾರ ಆ ತೋಟದಲ್ಲಿ ಇಂದಿನವರೆಗೆ ಒಂದೇ ಒಂದು ಹುಳ ಹುಟ್ಟಿಲ್ಲ. ಅಲ್ಲಿ ಕಾಣುವವೆಲ್ಲ ಬೇಲಿ ದಾಟಿ ಬಂದ ಕಳ್ಳರು. ಬೇಲಿಯಾಚೆ ಇರುವವರೋ, ಅವರ ಒಡಹುಟ್ಟಿದ ತಂಗಿ. ಎಂದರೆ ನನ್ನ ಸೋದರತ್ತೆ.

ಗಂಡ ತೀರಿಕೊಂಡ ಮೇಲೆ ಅತ್ತೆ ತವರಿಗೆ ಬಂದು ತಮ್ಮ ಪಾಲು ಕೇಳಿದರು. ಕಾನೂನು ಅವರ ಕಡೆಗಿತ್ತು. ದೊಡ್ಡಪ್ಪ ಸಹಿ ಹಾಕಿದರು, ಮಾತು ಬಿಟ್ಟರು, ತೋಟದ ನಡುವೆ ಮುಳ್ಳುಬೇಲಿ ಹಾಕಿಸಿದರು. ಅವರ ಕೀಟಶಾಸ್ತ್ರ ಶುರುವಾದದ್ದೇ ಅಲ್ಲಿಂದ!

ಹೂ ಬಿಡುವ ಕಾಲದಲ್ಲಿ ಮರದ ಕೆಳಗೆ ಹೋದರೆ ಜಿಗಿಹುಳುಗಳು ಪಟಪಟನೆ ಮುಖಕ್ಕೆ ಹಾರುತ್ತವೆ. ಹೂವಿನ ರಸ ಹೀರುತ್ತವೆ, ಎಲೆಯ ಮೇಲೆ ಅಂಟು ಸುರಿಸುತ್ತವೆ, ಆ ಅಂಟಿಗೆ ಕಪ್ಪು ಬೂಷ್ಟು ಹಿಡಿದು ಇಡೀ ಮರ ಒಲೆಯೊಳಗಿಂದ ಎದ್ದು ಬಂದಂತೆ ಕಾಣುತ್ತದೆ. ಊರವರೆಲ್ಲ ಔಷಧಿ ಹೊಡೆದರು. ದೊಡ್ಡಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನೀನೂ ಒಸಿ ಹೊಡೀಬಾರ್ದಾ ದೊಡ್ಡಪ್ಪ? ಹೂವೆಲ್ಲ ಉದುರ್ತಾ ಐತೆ" ಎಂದೆ.

"ಯಾರ್ದೋ ಹುಳಕ್ಕೆ ನಾನ್ಯಾಕ್ಲಾ ಔಷ್ದಿ ಹೊಡೀಲಿ? ಸಾಕ್ದೋರು ಹೊಡೀಲಿ!"

ಅತ್ತೆಯೇನೋ ಜಿಗಿಹುಳುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ, ಬೆಳಿಗ್ಗೆ ಬಿಚ್ಚಿ ಮೇಯಲು ಅಟ್ಟುತ್ತಾರೆ ಅನ್ನುವಂತೆ! ಅಷ್ಟರಲ್ಲಿ ಅರ್ಧ ಹೂವು ನೆಲದಲ್ಲಿತ್ತು.

ಮಾತು ಬಿಟ್ಟರೂ ಬಾಯಿ ಸುಮ್ಮನಿರಬೇಕಲ್ಲ? ಇಬ್ಬರೂ ತಂತಮ್ಮ ಮರಗಳ ಜೊತೆ ಮಾತಾಡುವುದನ್ನು ಕಲಿತರು. "ನೋಡವ್ವಾ ಮರವೇ, ಕೆಲವ್ರು ಪಾಲಿನ್ ಜೊತ್ಗೆ ಹುಳಾನೂ ತಂದವ್ರೆ" ಎಂದು ಈ ಕಡೆಯಿಂದ ದೊಡ್ಡಪ್ಪ. "ಕೆಲವ್ರ ತಲೇಲಿರೋ ಹುಳಕ್ಕೆ ಯಾವ್ ಅಂಗಡೀಲೂ ಔಷ್ದಿ ಸಿಕ್ಕಲ್ಲ ಕಣವ್ವಾ ಮರವೇ" ಎಂದು ಆ ಕಡೆಯಿಂದ ಅತ್ತೆ. ಮರಗಳ ಪಾಡು ಯೋಚಿಸಿ!

ಕಾಯಿ ಬಲಿಯುವ ಹೊತ್ತಿಗೆ ಹಣ್ಣುನೊಣ ಬಂತು. ಹೊರಗೆ ಬಾದಾಮಿ ಮಾವು ಬಂಗಾರ; ಕೊಯ್ದರೆ ಒಳಗೆ ಬಿಳಿ ಹುಳುಗಳ ಮಿಜಿಮಿಜಿ. ತೋಟಗಾರಿಕೆ ಅಧಿಕಾರಿಯೊಬ್ಬರು ನೊಣದ ಬಲೆ ಕಟ್ಟಲು ಹೇಳಿದರು. ಬಲೆಯೆಂದರೆ ಪ್ಲಾಸ್ಟಿಕ್ ಡಬ್ಬಿ, ಒಳಗೆ ಔಷಧಿಯಲ್ಲಿ ನೆನೆಸಿದ ಮರದ ತುಂಡು. ವಾಸನೆಗೆ ಬಂದ ನೊಣ ಅಲ್ಲೇ ಸಾಯುತ್ತದೆ. ತೋಟದ ತುಂಬ ಹರಡಿ ಕಟ್ಟಿ ಎಂದಿದ್ದರು. ದೊಡ್ಡಪ್ಪ ಕೇಳುತ್ತಾರೆಯೇ? ಎಲ್ಲವನ್ನೂ ಬೇಲಿಗುಂಟ, ಗಡಿ ಕಾಯುವ ಸೈನಿಕರಂತೆ ಸಾಲಾಗಿ ತೂಗುಹಾಕಿದರು. ದಿನಾ ಬೆಳಿಗ್ಗೆ ಸತ್ತ ನೊಣಗಳನ್ನು ಅಂಗೈಗೆ ಸುರಿದುಕೊಂಡು, "ಅವಳವೇ ಕಣ್ಲಾ! ನೋಡು, ಅದೇ ಕೊಬ್ಬು!" ಎನ್ನುವರು.

ಕೊನೆಗೆ ರಾಮನಗರದ ಮಂಡಿಯಲ್ಲಿ ಅತ್ತೆಯ ಹಣ್ಣಿಗೆ ವ್ಯಾಪಾರಿಗಳು ಮುಗಿಬಿದ್ದರು. ದೊಡ್ಡಪ್ಪನ ಹಣ್ಣನ್ನು ಯಾರೂ ಮೂಸಿಯೂ ನೋಡಲಿಲ್ಲ. ವರ್ಷದ ಬೆಳೆ ಹಾಳಾಗಿಹೋಯಿತು. ಅಧಿಕಾರಿ ಬಂದು ಬೇಲಿ ನೋಡಿ ನಕ್ಕೇಬಿಟ್ಟರು.

"ಯಜಮಾನ್ರೇ, ಈ ವಾಸನೆಗೆ ಬೀಳೋದು ಗಂಡು ನೊಣ ಮಾತ್ರ. ನೀವು ಆ ಕಡೆಯವನ್ನೂ ಕರೆಸಿ ಸಾಯಿಸಿ, ಅವರ ತೋಟ ಕ್ಲೀನ್ ಮಾಡಿಕೊಟ್ಟಿದ್ದೀರಿ! ನಿಮ್ಮ ತೋಟದ ಒಳಗೆ ಬಲೆಯೇ ಇಲ್ಲ, ಅಲ್ಲಿ ಹೆಣ್ಣು ನೊಣಗಳು ಹಾಯಾಗಿ ಮೊಟ್ಟೆ ಇಟ್ಟಿವೆ. ಅವರ ಹಾಗೆ ಹುಳ ಬಿದ್ದು ಉದುರಿದ ಹಣ್ಣನ್ನ ಆಯ್ದು ಹೂಳಲಿಲ್ವಾ?"

"ನಮ್ ತೋಟದಲ್ಲಿ ಹುಳ ಹುಟ್ಟಲ್ವಲ್ಲ ಸಾ..." ದೊಡ್ಡಪ್ಪನ ದನಿ ಇಳಿದಿತ್ತು.

ಬೇಲಿಯಾಚೆಯಿಂದ ಅತ್ತೆಯ ದನಿ ತೇಲಿಬಂತು: "ಮರವೇ, ನಮ್ಮಣ್ಣ ಇರೋಗಂಟ ನಮ್ಗೆ ಬಲೆ ಯಾಕವ್ವಾ?"

ದೊಡ್ಡಪ್ಪ ಏಣಿಗೆ ಕೈಹಾಕಿದರು. "ಇವತ್ತೇ ಎಲ್ಲಾ ಬಿಚ್ಚಾಕ್ತೀನಿ! ಮುಂದಿನ್ ಸಲ ಬಂದಾಗ ಒಂದ್ ಡಬ್ಬಿ ಕಂಡ್ರೆ ಕೇಳು!" ನಾನು ನಗುತ್ತಲೇ ಕನಕಪುರದ ನಮ್ಮ ಮನೆಗೆ ಬಸ್ಸು ಹತ್ತಿದೆ.

ಮುಂದಿನ ಸುಗ್ಗಿಗೆ ಹೋದರೆ ಡಬ್ಬಿಗಳು ಹಾಗೇ ನೇತಾಡುತ್ತಿವೆ! ತೋಟದೊಳಗೂ ಕಟ್ಟಿದ್ದರು, ಸರಿ. ಆದರೆ ಬೇಲಿಯ ಸಾಲೂ ಕದಲಿಲ್ಲ. ಔಷಧಿಯೂ ಹೊಸದು.

"ಬಿಚ್ಚಾಕ್ತೀನಿ ಅಂದಿದ್ಯಲ್ಲ?" ಎಂದು ಕೆಣಕಿದೆ.

ದೊಡ್ಡಪ್ಪ ಓರೆಯಾಗಿದ್ದ ಒಂದು ಡಬ್ಬಿಯನ್ನು ನೆಟ್ಟಗೆ ಮಾಡಿದರು.

"ನೀನು ಹೋದ್ಮೇಲೆ ಏಣಿ ಹತ್ತಿದ್ದೆ ಕಣ್ಲಾ. ಮ್ಯಾಗಿಂದ ನೋಡುದ್ರೆ, ಅವ್ಳು ಸೊಂಟ ಹಿಡ್ಕಂಡು ಉದುರಿರೋ ಹಣ್ಣ ಆಯ್ತಾವ್ಳೆ. ಒಬ್ಳೇ. ಬಗ್ಗೋದು, ಎದ್ದು ಉಸ್ರು ಬುಡೋದು, ತಿರ್ಗಾ ಬಗ್ಗೋದು. ಒಂದ್ ಗಳಿಗೆ ನಮ್ಮವ್ವನೇ ಅನ್ನುಸ್ಬುಡ್ತು."

"ಆಮೇಲೆ?"

"ಆಮೇಲೇನು, ಬೇಲಿ ಸರ್ಸಿ ಹೋಗಿ ಅವಳ ಕೈಯಿಂದ ಪುಟ್ಟಿ ಈಸ್ಕಂಡೆ. ಹೊತ್ತು ಮುಳುಗೋಗಂಟ ಇಬ್ರೂ ಆಯ್ದೋ, ಗುಂಡಿ ತೋಡಿ ಮುಚ್ಚುದೋ."

"ಏನ್ ಮಾತಾಡುದ್ರಿ?"

"ಏನೂ ಇಲ್ಲ. ಹೊರಡೋವಾಗ ಮರದಿಂದ ಒಂದ್ ಹಣ್ಣ ಕಿತ್ತು, ಸೆರಗಲ್ಲಿ ಒರ್ಸಿ ಕೈಗೆ ಕೊಟ್ಲು." ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. "ಹುಳ ಇತ್ತೋ ಇಲ್ವೋ ನೋಡ್ನಿಲ್ಲ ಕಣ್ಲಾ. ತಿಂದ್ಬುಟ್ಟೆ."