ನನ್ನನ್ನು ತೆಗೆದು ನೋಡಿದ ನಾಲ್ಕು ದಿನ

ತಾನಿಲ್ಲದಿದ್ದರೆ ಮನೆ ನಡೆಯುವುದಿಲ್ಲ ಎಂದು ಹೇಳದ ಮುದುಕಿಯನ್ನು ನಾನಿನ್ನೂ ನೋಡಿಲ್ಲ. ನಾನೂ ಹೇಳುತ್ತಿದ್ದೆ, ದಿನಕ್ಕೆ ಎರಡು ಸಲ. ಮೂಡಲಪಾಳ್ಯದ ನಮ್ಮ ಮನೆಯಲ್ಲಿ ಕಾವೇರಿ ನೀರು ಬಿಟ್ಟಾಗ ಸಂಪಿನ ವಾಲ್ವ್ ತಿರುಗಿಸುವವಳು ನಾನು, ಹಾಲಿಗೆ ಹೆಪ್ಪು ಹಾಕುವವಳು ನಾನು, ಸೊಪ್ಪಿನವಳ ಹತ್ತಿರ ಜಗಳವಾಡುವವಳೂ ನಾನೇ. ಸೊಸೆ ಗಿರಿಜಾ ಕೇಳಿಸಿಕೊಂಡು "ಹೂಂ ಅತ್ತೆ" ಎನ್ನುತ್ತಿದ್ದಳು. ಆ ಹೂಂ ನನಗೆ ಸಾಲದು. ರುಜುವಾತು ಬೇಕಿತ್ತು.

ದಾರಿ ತೋರಿಸಿದವಳು ಮೊಮ್ಮಗಳು ಸಹನಾ. ಅವಳು ಲ್ಯಾಬಿನಲ್ಲಿ ನೊಣ ಸಾಕುತ್ತಾಳೆ. ಕೊಳೆತ ಬಾಳೆಹಣ್ಣಿಗೆ ಮುತ್ತುತ್ತವಲ್ಲ, ಅದೇ ಸಾಸಿವೆಯಷ್ಟು ನೊಣ. ನಾನು ಜನ್ಮವಿಡೀ ಓಡಿಸಿದ್ದನ್ನು ಸಾಕಲು ಇವಳು ಎಂಎಸ್ಸಿ ಓದಬೇಕಾಯಿತು. "ಅಜ್ಜಿ, ಅದರೊಳಗೆ ಸಾವಿರಾರು ಜೀನ್ ಇರುತ್ತೆ. ಯಾವುದರ ಕೆಲಸ ಏನು ಅಂತ ಗೊತ್ತಾಗ್ಬೇಕಲ್ಲ? ಕರೆಕ್ಟಾಗಿ ಒಂದನ್ನ ಮಾತ್ರ ಕೆಡಿಸ್ತೀವಿ, ಪಕ್ಕದ್ದನ್ನ ಮುಟ್ಟಲ್ಲ. ಆಮೇಲೆ ನೊಣ ಗೋಡೆ ಹತ್ತಲಿಲ್ಲ ಅಂದ್ರೆ, ಹತ್ತೋದಕ್ಕೆ ಆ ಜೀನ್ ಬೇಕು ಅಂತ ಅರ್ಥ" ಎಂದಳು.

ನಾಲ್ಕನೇ ಕ್ಲಾಸು ದಾಟದ ನನಗೆ ಒಂದೇ ಏಟಿಗೆ ಅರ್ಥವಾಯಿತು. "ಹಂಗಾದ್ರೆ ನನ್ನನ್ನ ತೆಗೀರಿ ಕಣೇ!" ಎಂದು ಕೂಗಿದೆ.

ಮಾರನೆಯ ದಿನವೇ ಕೆಂಗೇರಿಯ ತಂಗಿಯ ಮನೆಗೆ ಹೊರಟೆ. ಹೆಪ್ಪಿನ ಬಟ್ಟಲು ಅದರ ಜಾಗದಲ್ಲೇ, ವಾಲ್ವಿನ ಕೀಲಿ ಅದರ ಮೊಳೆಯಲ್ಲೇ. ತೆಗೆದದ್ದು ನನ್ನೊಬ್ಬಳನ್ನು. ಫೋನ್ ಮಾಡಿ ಹೇಳಿಕೊಡುವಂತಿಲ್ಲ ಎಂದು ಸಹನಾ ತಾಕೀತು ಮಾಡಿದಳು. ಏನೇನು ಕೆಡುತ್ತದೋ ಬರೆದಿಡಲು ನೋಟ್‌ಬುಕ್ ತೆರೆದಳು. ಕೆಂಗೇರಿಯಲ್ಲಿ ನನಗೆ ಸಂಭ್ರಮವೋ ಸಂಭ್ರಮ. "ಈಗ ಹಾಲು ಉಕ್ಕಿರುತ್ತೆ. ಈಗ ಸಂಪು ಖಾಲಿ!"

"ಅಲ್ಲಕ್ಕಾ, ಮನೆ ಕೆಡಲಿ ಅಂತ ಹರಕೆ ಹೊತ್ತು ಬಂದಿದ್ದೀಯಾ?" ಎಂದಳು ತಂಗಿ.

ಐದನೆಯ ದಿನ ಆಟೋ ನಿಲ್ಲುವ ಮೊದಲೇ ಇಳಿದೆ. ಸಂಪು ತುಂಬಿತ್ತು. ಮೊಸರು ಚಾಕುವಿನಲ್ಲಿ ಕೊಯ್ಯುವ ಹಾಗಿತ್ತು. ಸೊಪ್ಪಿನವಳು, "ಊರಲ್ಲಿರ್ಲಿಲ್ವಾ ಅಜ್ಜಿ? ಗೊತ್ತೇ ಆಗ್ಲಿಲ್ಲ" ಎಂದಳು. ನೋಟ್‌ಬುಕ್ಕಿನಲ್ಲಿ ನಾಲ್ಕು ದಿನಕ್ಕೂ ಒಂದೇ ಮಾತು: ವ್ಯತ್ಯಾಸವಿಲ್ಲ.

"ಬೇಜಾರ್ ಮಾಡ್ಕೋಬೇಡ ಅಜ್ಜಿ. ನೊಣದಲ್ಲೂ ಹೀಗಾಗುತ್ತೆ. ಒಂದನ್ನ ತೆಗೆದ್ರೂ ಏನೂ ಕೆಡಲ್ಲ. ಅದೇ ಕೆಲಸ ಇನ್ನೊಂದು ಜೀನೂ ಮಾಡ್ತಿರುತ್ತೆ" ಎಂದಳು ಸಹನಾ.

ಇಬ್ಬರೂ ಅಡುಗೆಮನೆಯ ಕಡೆ ನೋಡಿದೆವು. ಗಿರಿಜಾ ಕೈ ಒರೆಸಿಕೊಂಡು ಬಂದಳು. "ನೀವು ವಾಲ್ವ್ ತಿರುಗಿಸಿದ ಮೇಲೆ ನಾನು ಹೋಗಿ ಸರಿಯಾಗಿ ತಿರುಗಿಸ್ತಿದ್ದೆ ಅತ್ತೆ. ಹನ್ನೆರಡು ವರ್ಷದಿಂದ."

"ಹಾಗಾದ್ರೆ ಈಗ ಅಮ್ಮನ್ನ ತೆಗೆದು ನೋಡ್ಬೇಕು! ಆಗಲೇ ಪ್ರಯೋಗ ಪೂರ್ತಿ" ಎಂದು ಸಹನಾ ಕುಣಿದಳು. ಗಿರಿಜಾ ಆಗಲೇ ಅಟ್ಟದಿಂದ ಬ್ಯಾಗು ಇಳಿಸುತ್ತಿದ್ದಳು, ತವರಿಗೆ ಹೋಗಲು.

ವಿಜ್ಞಾನ ಇಷ್ಟು ಬೆಳೆದದ್ದು ಸಾಕು ಎಂದುಬಿಟ್ಟೆ. ಆ ಬ್ಯಾಗು ಈಗ ನನ್ನ ಮಂಚದ ಕೆಳಗಿದೆ, ಬೀಗ ಹಾಕಿ.