ಒಂದೇ ಕೀಲಿಕೈಯ ಸಾಮ್ರಾಜ್ಯ

“ಒಂದು ಕಾರಿಗೆ ಎರಡು ಕೀಲಿಕೈ! ಇದೆಂಥ ಅವ್ಯವಸ್ಥೆ! ಇವತ್ತಿನಿಂದ ಒಂದೇ ಕಾರು, ಒಂದೇ ಕೀಲಿಕೈ!” ಎಂದು ಬೆಳಗ್ಗೆ ಎಂಟಕ್ಕೇ ಗ್ರಂಥಪಾಲಕರು ಅಂಗಳದಲ್ಲಿ ನಿಂತು ಘೋಷಿಸಿದರು.

ಹೊಸದಾಗಿ ಕೊಂಡ ಹಳೇ ಕಾರು. ಬಾಗಿಲಿಗೊಂದು ಕೀಲಿಕೈ, ಸೀಟಿನೆದುರಿನ ಪುಟ್ಟ ಪೆಟ್ಟಿಗೆಗೆ ಇನ್ನೊಂದು. ಹನ್ನೆರಡು ಸಾವಿರ ಪುಸ್ತಕಗಳನ್ನು ಇಪ್ಪತ್ತೆಂಟು ವರ್ಷ ಸಾಲು ತಪ್ಪದಂತೆ ಆಳಿದವರು ಇದನ್ನು ಸಹಿಸುವುದುಂಟೇ?

“ಹನ್ನೊಂದಕ್ಕೆ ನನ್ನ ಡ್ರೈವಿಂಗ್ ಟೆಸ್ಟು. ಎರಡು ಸಲ ಫೇಲಾಗಿದೀನಿ, ಕಲಿಕಾ ಲೈಸೆನ್ಸು ಇವತ್ತಿಗೇ ಮುಗಿಯುತ್ತೆ,” ಎಂದರು ಹೆಂಡತಿ ಕಿಟಕಿಯಿಂದ.

“ಒಂಬತ್ತಕ್ಕೆ ಮುಗಿಸ್ತೀನಿ ಕಣೇ! ಪುಸ್ತಕ ಓದಿದೀನಿ!”

ಓದಿದ್ದು ನಿಜ. ತಮ್ಮದೇ ಗ್ರಂಥಾಲಯದ ಬೀಗ ರಿಪೇರಿಯ ಪುಸ್ತಕ. ಹಿಂದಿರುಗಿಸಲು ಅಂದೇ ಕೊನೆಯ ದಿನ. ತಡಮಾಡಿದವರ ಹೆಸರನ್ನು ಬಾಗಿಲ ಬಳಿಯ ಬೋರ್ಡಿನಲ್ಲಿ ದುಂಡಗೆ ಬರೆದು ಮಾನ ಹರಾಜು ಹಾಕುವವರೂ ಅವರೇ.

ಪೆಟ್ಟಿಗೆಯ ಬೀಗ ಬಿಚ್ಚಿದರು. ಒಳಗೆ ಅಂಕಿ ಕೆತ್ತಿದ ನಾಲ್ಕು ಹಿತ್ತಾಳೆ ಬಿಲ್ಲೆಗಳು. ಬಾಗಿಲಿನ ಕೀಲಿಕೈಯ ಹಲ್ಲಿಗೆ ಹೊಂದುವಂತೆ ಅವನ್ನು ಮೂರು, ಒಂದು, ನಾಲ್ಕು, ಎರಡು ಎಂದು ಕೂರಿಸಬೇಕಿತ್ತು. ತಲೆಗೆ ಅದು ಗೊತ್ತಿತ್ತು. ಕೈ ಕೇಳಬೇಕಲ್ಲ! ಕಪಾಟಿಗೆ ಪುಸ್ತಕ ಸೇರಿಸಿದಂತೆ ಒಂದು, ಎರಡು, ಮೂರು, ನಾಲ್ಕು ಎಂದು ಓರಣವಾಗಿ ಸೇರಿಸಿಬಿಟ್ಟಿತು.

ಬೀಗವನ್ನು ಮತ್ತೆ ಕೂರಿಸಿ, ಪುಸ್ತಕವನ್ನು ಪೆಟ್ಟಿಗೆಯ ಕಾಗದಗಳ ಮಧ್ಯೆ ತುರುಕಿ ಟಪ್ಪೆಂದು ಮುಚ್ಚಿದರು. ಬಾಗಿಲಿನ ಕೀಲಿಕೈ ತಿರುಗಲಿಲ್ಲ. ಪೆಟ್ಟಿಗೆಯ ಹಳೇ ಕೀಲಿಕೈಯೂ ತಿರುಗಲಿಲ್ಲ. ತೆಗೆಯುವ ಉಪಾಯ ಅರವತ್ತೆರಡನೇ ಪುಟದಲ್ಲಿತ್ತು. ಪುಟ ಪುಸ್ತಕದಲ್ಲಿತ್ತು. ಪುಸ್ತಕ ಪೆಟ್ಟಿಗೆಯಲ್ಲಿತ್ತು! ಆಗ ಇನ್ನೊಂದು ನೆನಪಾಯಿತು. ಹೆಂಡತಿಯ ಕಲಿಕಾ ಲೈಸೆನ್ಸು ಇರುತ್ತಿದ್ದದ್ದೂ ಅಲ್ಲೇ.

ಚಮಚ ತೂರಿಸಿದರು, ಹೇರ್‌ಪಿನ್ ಮುರಿದರು, ಕೊನೆಗೆ ಪೆಟ್ಟಿಗೆಗೆ ಕೈಮುಗಿದರು. ತಿಪ್ಪರಲಾಗ ಹಾಕಿದರೂ ಅದು ಬಾಯಿ ಬಿಡಲಿಲ್ಲ. ಹತ್ತು ಗಂಟೆಗೆ ಹೆಂಡತಿ ಚೀಲ ಹೆಗಲಿಗೇರಿಸಿ ಬಂದರು.

“ಮುಗೀತಾ?”

“ಭದ್ರವಾಗಿದೆ.”

“ತೆಗೀರಿ, ನೋಡೋಣ.”

“ನನ್ನ ಕೈಲೂ ತೆಗೆಯೋಕಾಗದಷ್ಟು ಭದ್ರವಾಗಿದೆ ಕಣೇ!” ಗ್ರಂಥಪಾಲಕರ ದನಿ ಕುಸಿಯಿತು. ಆರು ತಿಂಗಳು ಅವಳು ಪ್ರತಿ ಸಂಜೆ ಖಾಲಿ ಮೈದಾನ ಸುತ್ತಿದ್ದು ಕಣ್ಣಮುಂದೆ ಬಂತು. “ನಿನ್ನ ಲೈಸೆನ್ಸು ಒಳಗೇ ಉಳೀತು. ತಪ್ಪಾಯ್ತು.”

ಹೆಂಡತಿ ಚೀಲದಿಂದ ಒಂದು ಕಾಗದ ತೆಗೆದು ಅವರ ಮೂಗಿನ ಮುಂದೆ ಹಿಡಿದರು. “ಸ್ಕ್ರೂಡ್ರೈವರ್ ಎಲ್ಲಿ ಅಂತ ಕೇಳಿದ್ರಲ್ಲ, ಆಗ್ಲೇ ತೆಗೆದಿಟ್ಕೊಂಡೆ. ಹತ್ತಿ, ಹೊತ್ತಾಯ್ತು.”

ಅಬ್ಬಾ! ಹೋದ ಜೀವ ಬಂದಂತಾಯಿತು. ಹೆಂಡತಿ ಟೆಸ್ಟು ಪಾಸಾದಾಗಲಂತೂ ಕಾರಿನ ಬಾನೆಟ್ಟನ್ನೇ ತಬ್ಬಿಕೊಂಡರು.

ಮರುದಿನ ಬೀಗದವನು ಬಂದು ಪೆಟ್ಟಿಗೆ ತೆರೆದ. ಬಿಲ್ಲೆಗಳನ್ನು ನೋಡಿ, “ಎಷ್ಟು ನೀಟಾಗಿ ಜೋಡಿಸಿದೀರಿ ಸಾರ್! ಯಾವ ಕೀಲಿಕೈಗೂ ಬಗ್ಗಲ್ಲ!” ಎಂದು ಹೊಗಳಿದ.

ಹೆಂಡತಿಯೇ ಕಾರು ಓಡಿಸಿ ಅವರನ್ನು ಗ್ರಂಥಾಲಯಕ್ಕೆ ಬಿಟ್ಟರು. ಪುಸ್ತಕ ಒಂದು ದಿನ ತಡವಾಗಿತ್ತು. ನಿಯಮ ಎಂದರೆ ನಿಯಮ. ಸಂಜೆ ಕರೆದೊಯ್ಯಲು ಬಂದ ಹೆಂಡತಿ ಬಾಗಿಲ ಬಳಿ ನಿಂತರು. ಬೋರ್ಡಿನಲ್ಲಿ ಒಂದೇ ಒಂದು ಹೆಸರಿತ್ತು.

“ಅಕ್ಷರ ಮಾತ್ರ ಬಹಳ ದುಂಡಗಿದೆ ಕಣ್ರೀ,” ಎಂದರು.