ಕೆಂಪು ದೀಪ ಹತ್ತಿದರೆ ನಗಬೇಕು

ನನ್ನ ಮುಖವನ್ನು ನೀವು ನೋಡಿಲ್ಲ. ಆದರೆ ನನ್ನ ನಗುವನ್ನು ಖಂಡಿತ ಕೇಳಿದ್ದೀರಿ. ಟೀವಿಯಲ್ಲಿ ದಿನಾ ಎಂಟು ಗಂಟೆಗೆ ‘ಬಚ್ಚಲಲ್ಲಿ ಯಾರು?’ ಎಂಬ ಹಾಸ್ಯ ಧಾರಾವಾಹಿ ಬರುತ್ತಿತ್ತಲ್ಲ? ಆರು ಜನರ ಸಂಸಾರ, ಒಂದೇ ಬಚ್ಚಲುಮನೆ, ತಾತ ಒಳಗೆ ಹೊಕ್ಕರೆ ಹೊರಗೆ ಬರುವ ಮಾತೇ ಇಲ್ಲ. ಅದರಲ್ಲಿ ಒಂದೊಂದು ಜೋಕಿಗೂ ಹಿಂದಿನಿಂದ ಜನ ಬಿದ್ದುಬಿದ್ದು ನಗುತ್ತಿದ್ದರಲ್ಲ, ಆ ಜನ ನಾನೇ. ಒಬ್ಬನೇ. (ನನ್ನೊಬ್ಬನನ್ನು ನೂರು ಮಂದಿ ಮಾಡುತ್ತಿದ್ದವನು ಧ್ವನಿ ವಿಭಾಗದ ‘ಕಿವಿ’. ಅವನಿಗೆ ಬೇರೆ ಹೆಸರೂ ಇದೆಯಂತೆ, ಕೇಳಿದವರಿಲ್ಲ.)

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಗಾಜಿನ ಕೋಣೆ, ಒಂದು ಮೈಕು, ಎದುರಿಗೆ ಪರದೆ, ಪರದೆಯ ಮೇಲೊಂದು ಕೆಂಪು ದೀಪ. ದೀಪ ಹತ್ತಿದರೆ ನಗಬೇಕು, ಆರಿದರೆ ಬಾಯಿ ಮುಚ್ಚಬೇಕು. ಹನ್ನೊಂದು ವರ್ಷ ಈ ಮಹತ್ಕಾರ್ಯ ಮಾಡಿ ಮಾಡಿ ಅದು ರಕ್ತಕ್ಕೇ ಇಳಿದುಬಿಟ್ಟಿತ್ತು. ಮಾವನವರಿಗೆ ಹರ್ನಿಯಾ ಆಪರೇಷನ್ ಆದ ದಿನ ಆಪರೇಷನ್ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಹೆಂಡತಿಯ ಕಡೆಯವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರು. ನಾನು ಹಹ್ಹಹ್ಹಾ ಎಂದುಬಿಟ್ಟೆ. ಮಾವನವರು ಗುಣವಾಗಿ ಮನೆಗೆ ಬಂದು ನಾಲ್ಕು ವರ್ಷವಾಯಿತು, ನನ್ನ ಜೊತೆ ಇನ್ನೂ ಮಾತಿಲ್ಲ.

ಇನ್ನು ನನ್ನ ಹೆಂಡತಿ. ಮದುವೆಯಾಗಿ ಇಪ್ಪತ್ತು ವರ್ಷ, ನನ್ನ ಒಂದೇ ಒಂದು ಜೋಕಿಗೆ ಅವಳು ನಕ್ಕಿದ್ದಿಲ್ಲ. ನಗೋದಕ್ಕೆ ಸಂಬಳ ತಗೊಳ್ಳೋರು ನೀವು, ನಾನ್ಯಾಕೆ ಪುಕ್ಕಟೆ ನಗಲಿ ಎನ್ನುವುದು ಅವಳ ವಾದ.

ಇಂಥ ಬಡಪಾಯಿಯ ಹೊಟ್ಟೆಯ ಮೇಲೆ ಚಾನೆಲ್ಲಿನವರು ಹೊಡೆದರು. ‘ಬಚ್ಚಲಲ್ಲಿ ಯಾರು?’ ನಿಂತುಹೋಯಿತು. ಈಗ ಮನೆಮಂದಿಯೆಲ್ಲ ಒಟ್ಟಿಗೆ ಕೂತು ನಗುವ ಕಾಲ ಹೋಯಿತು, ಅವರವರ ಕೋಣೆಯಲ್ಲಿ ಅವರವರ ಫೋನು ನೋಡಿಕೊಂಡು ನಗುತ್ತಾರೆ, ಟೀವಿಯ ಮುಂದೆ ಕೂರುವವರಿಗೆ ವಿಷವೇ ಬೇಕು ಎಂದು ಮುಖ್ಯಸ್ಥರಾದ ಮೇಡಂ ವಿವರಿಸಿದರು. ಅಜ್ಜಿ ಮೊಮ್ಮಕ್ಕಳು ಮುಜುಗರವಿಲ್ಲದೆ ಜೊತೆಗೆ ಕೂತು ನೋಡಬಹುದಾದದ್ದು ಇನ್ನು ಹವಾಮಾನ ವರದಿ ಒಂದೇ. ಎಂಟು ಗಂಟೆಗೆ ಹೊಸದಾಗಿ ‘ವಿಷದ ಲೋಟ’ ಬರುತ್ತದೆ. ಅದಕ್ಕೆ ಹಿಂದಿನಿಂದ ನಗುವವರು ಬೇಡ, ಬಿಕ್ಕುವವರು ಬೇಕು.

“ನೀವು ಹಳಬರು, ಕಳಿಸೋಕೆ ಮನಸ್ಸಿಲ್ಲ. ಗುರುವಾರ ಬೆಳಿಗ್ಗೆ ಬಂದು ಅತ್ತು ತೋರಿಸಿ” ಎಂದರು ಮೇಡಂ.

ಅಳದಿದ್ದರೆ ಕೆಲಸ ಹೋಗುತ್ತದೆ, ನಲವತ್ತೆಂಟು ವರ್ಷದ, ನಗುವುದು ಬಿಟ್ಟು ಬೇರೇನೂ ಬಾರದ ಗಂಡಸಿಗೆ ಯಾರು ಕೆಲಸ ಕೊಡುತ್ತಾರೆ? ನನಗೆ ನಿಜಕ್ಕೂ ಭಯವಾಯಿತು. ಮನೆಗೆ ಬಂದು ಹೆಂಡತಿಯ ಮುಂದೆ ಶರಣಾಗತನಾದೆ. ಅವಳು ಸೆರಗು ಸಿಕ್ಕಿಸಿಕೊಂಡು ರೋದನ ಶಿಕ್ಷಣಕ್ಕೆ ನಿಂತಳು.

ಅವಳ ವಿಧಾನ ಸುಲಭ. ಈ ಸಂಸಾರದಲ್ಲಿ ತಾನು ಪಟ್ಟ ಕಷ್ಟಗಳನ್ನು ಒಂದೊಂದಾಗಿ ಹೇಳುವುದು, ನಾನು ಕೇಳಿ ಕರಗುವುದು. ಸೋಮವಾರ ಬಸ್ಸಿನ ಕಥೆ ಬಂತು. ಮದುವೆಯಾದ ಹೊಸತರಲ್ಲಿ ನಾನು ಬಸ್ಸಿನಿಂದ ಎರಡು ಬ್ಯಾಗು, ಒಂದು ಕೊಡೆ ಜೋಪಾನವಾಗಿ ಇಳಿಸಿಕೊಂಡು ಅವಳನ್ನು ಅಲ್ಲೇ ಬಿಟ್ಟು ಮನೆಗೆ ಬಂದಿದ್ದೆ. ಕಿಟಕಿಯ ಪಕ್ಕ ನಿದ್ದೆ ಹೋಗಿದ್ದ ಅವಳಿಗೆ ಕೊನೆಯ ನಿಲ್ದಾಣದಲ್ಲಿ ಎಚ್ಚರವಾಗಿತ್ತು. ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು. ನನಗೆ ಮಾತ್ರ ಅವಳು ಅಲ್ಲಿ ಕಂಡಕ್ಟರನ ಕಾಲರು ಹಿಡಿದು ‘ನನ್ನ ಗಂಡ ಎಲ್ಲಿ?’ ಎಂದು ಗದರಿಸುತ್ತಿದ್ದ ದೃಶ್ಯ ಕಣ್ಣಿಗೆ ಕಟ್ಟಿತು. ನಕ್ಕೆ.

ಅವಳು ಬೈಯಲಿಲ್ಲ. ಅದೇ ಕಷ್ಟವಾಯಿತು.

“ರೀ, ಇಪ್ಪತ್ತು ವರ್ಷದಲ್ಲಿ ನಾನು ಅತ್ತಾಗ ಒಂದ್ಸಲ ಸುಮ್ನೆ ಪಕ್ಕದಲ್ಲಿ ಕೂತಿದ್ದೀರಾ?” ಎಂದು ಕೇಳಿ ಅಡುಗೆಮನೆಗೆ ಹೋದಳು.

ಆದರೂ ಗುರುವಾರ ನನ್ನ ಜೊತೆಗೇ ಹೊರಟಳು. ಎದುರಿಗೆ ಕೂತಿರುತ್ತೇನೆ, ನನ್ನ ಮುಖ ನೋಡಿಯಾದರೂ ಅಳು ಬರಲಿ ಎಂದಳು. ಗಾಜಿನ ಕೋಣೆಯ ಮೂಲೆಯಲ್ಲಿ ಅವಳಿಗೊಂದು ಕುರ್ಚಿ ಹಾಕಿದರು. ಪರದೆಯ ಮೇಲೆ ಅತ್ತಿಗೆ ನಾದಿನಿಗೆ ಲೋಟ ಕೊಟ್ಟಳು, ನಾದಿನಿ ಕುಡಿದಳು, ಕುಸಿದಳು. ನಾನು ಮಾವನವರನ್ನು, ಹೋಗಲಿರುವ ಕೆಲಸವನ್ನು, ಎಲ್ಲವನ್ನೂ ನೆನೆದು ಗಂಟಲು ಸಿದ್ಧಮಾಡಿಕೊಂಡೆ. ಕೆಂಪು ದೀಪ ಹತ್ತಿತು.

ಹಹ್ಹಹ್ಹಾ!

ಹನ್ನೊಂದು ವರ್ಷದಲ್ಲಿ ಅಷ್ಟು ಚೆನ್ನಾಗಿ ನಾನು ನಕ್ಕಿರಲಿಲ್ಲ. ಮೇಡಂ ಹಣೆ ಹಿಡಿದುಕೊಂಡರು. ಆಗ ಮೂಲೆಯಿಂದ ಒಂದು ಸಣ್ಣ ಬಿಕ್ಕು ಕೇಳಿತು. ಅದು ದೊಡ್ಡದಾಯಿತು. “ಅಯ್ಯೋ ನನ್ನ ಹಣೆಬರಹವೇ, ಇಂಥೋರನ್ನ ಕಟ್ಟಿಕೊಂಡು ಏನು ಸುಖ ಕಂಡೆ” ಎಂದು ಶುರುವಾದದ್ದು ಬಸ್ಸು, ಬ್ಯಾಗು, ಹರ್ನಿಯಾ ಎಲ್ಲವನ್ನೂ ಹಾದು ಹೊರಟಿತು. ಮೈಕು ಚಾಲೂ ಇತ್ತು. ಧ್ವನಿ ವಿಭಾಗದ ‘ಕಿವಿ’, ಯಾರೂ ಅಲುಗಬೇಡಿ ಎಂದು ಕೈ ತೋರಿಸಿದ. ಮೇಡಂ ಕರವಸ್ತ್ರ ಹುಡುಕತೊಡಗಿದರು.

ಕೆಲಸ ನಮ್ಮ ಮನೆಯಿಂದ ಹೋಗಲಿಲ್ಲ. ನನ್ನಿಂದ ಅವಳಿಗೆ ಹೋಯಿತು.

ಈಗ ಬೆಳಿಗ್ಗೆ ಅವಳು ಹೊರಡುತ್ತಾಳೆ, ನಾನು ಊಟದ ಡಬ್ಬಿ ಕಟ್ಟುತ್ತೇನೆ. ಎರಡನೇ ವಾರ ನಡುಮನೆಯ ಗೋಡೆಯ ಮೇಲಿದ್ದ ನಮ್ಮ ಮದುವೆಯ ಫೋಟೋ ಕಾಣೆಯಾಯಿತು. ಕೇಳಿದರೆ, ಕೆಲಸದ ಜಾಗದಲ್ಲಿ ಕಣ್ಣೆದುರಿಗೆ ಇರಲಿ ಅಂತ ತಗೊಂಡು ಹೋದೆ ಎಂದಳು. ನಾನು ಉಬ್ಬಿಹೋದೆ. ಅತ್ತೆಗೆ ಫೋನು ಮಾಡಿ, ಪಕ್ಕದಲ್ಲಿದ್ದ ಮಾವನವರಿಗೂ ಕೇಳುವಷ್ಟು ಜೋರಾಗಿ, ನಿಮ್ಮ ಮಗಳಿಗೆ ನನ್ನ ಮುಖ ನೋಡದಿದ್ದರೆ ಕೆಲಸವೇ ಸಾಗುವುದಿಲ್ಲ ಎಂದು ಹೇಳಿದೆ.

ಮೊನ್ನೆ ಡಬ್ಬಿ ಮರೆತು ಹೋಗಿದ್ದಳು. ತೆಗೆದುಕೊಂಡು ಹೋದೆ. ಗಾಜಿನ ಆಚೆ ಅವಳು ಮೈಕಿನ ಮುಂದೆ ಕೂತಿದ್ದಳು. ಮೈಕಿನ ಪಕ್ಕದಲ್ಲಿ ನಮ್ಮ ಫೋಟೋ. ಕೆಂಪು ದೀಪ ಹತ್ತಿತು. ಅವಳು ಫೋಟೋದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದ ನನ್ನನ್ನು ಒಮ್ಮೆ ನೋಡಿ, ಧಾರಾಕಾರವಾಗಿ ಅಳತೊಡಗಿದಳು.

“ಅಮ್ಮಾವ್ರಿಗೆ ಗ್ಲಿಸರಿನ್ ಬೇಡವೇ ಬೇಡ ಸಾರ್” ಎಂದ ಕಿವಿ, ಮೆಲ್ಲಗೆ. “ಈ ಫೋಟೋ ಒಂದಿದ್ರೆ ಸಾಕು.”

ನನಗೆ ಏನೋ ಆಯಿತು. ಕೆಂಪು ದೀಪ ಕಣ್ಣೆದುರಿಗೇ ಉರಿಯುತ್ತಿತ್ತು, ನಗು ಬರಲಿಲ್ಲ. ಕಣ್ಣು ತುಂಬಿ, ಡಬ್ಬಿ ಹಿಡಿದುಕೊಂಡು ನಿಂತಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ಅವಳು ತಲೆಯೆತ್ತಿ ಗಾಜಿನ ಮೂಲಕ ನನ್ನನ್ನು ನೋಡಿದಳು. ಆಮೇಲೆ ಇಪ್ಪತ್ತು ವರ್ಷದಲ್ಲಿ ಮೊಟ್ಟಮೊದಲ ಬಾರಿಗೆ ಹೊಟ್ಟೆ ಹಿಡಿದುಕೊಂಡು, ಕುರ್ಚಿಯಿಂದ ಜಾರುವಷ್ಟು ನಕ್ಕಳು.

ರೆಕಾರ್ಡಿಂಗ್ ಹಾಳಾಯಿತು. ಅಂದಿನಿಂದ ನನಗೆ ಒಳಗೆ ಪ್ರವೇಶವಿಲ್ಲ. ಡಬ್ಬಿಯನ್ನು ಗೇಟಿನ ಕಾವಲುಗಾರನ ಕೈಗೆ ಕೊಟ್ಟು, ಅಲ್ಲಿಂದಲೇ ಹಿಂದಿರುಗಬೇಕೆಂದು ಮೇಡಂ ಅವರ ಆಜ್ಞೆಯಾಗಿದೆ.